ಚಳಿಗಾಲದಲ್ಲೂ ಹಿತ್ತಲ ಬಾತುಕೋಳಿ ಮೊಟ್ಟೆ ಇಡಬೇಕಾದರೆ: ಬೆಂಗಳೂರಿನವರಿಗೆ ಹಂತಹಂತದ ಮಾರ್ಗದರ್ಶಿ

ದೀಪಾವಳಿ ಕಳೆದು ಹದಿನೈದು ದಿನವಾಗುವಷ್ಟರಲ್ಲಿ ಪ್ರತಿವರ್ಷ ಕೇಳಿಬರುವ ದೂರು ಒಂದೇ. ಆರು ಬಾತುಗಳು ದಿನಕ್ಕೆ ಐದು ಮೊಟ್ಟೆ ಇಡುತ್ತಿದ್ದವು, ಈಗ ವಾರಕ್ಕೆ ಎರಡು ಸಿಕ್ಕರೆ ಹೆಚ್ಚು. ದೂರು ಹೇಳುವವರು ಅಷ್ಟರಲ್ಲಿ ಮಾಡಿ ಮುಗಿಸಿರುವ ಕೆಲಸವೂ ಒಂದೇ: ಗೂಡಿನ ಸುತ್ತ ಟಾರ್ಪಾಲು ಬಿಗಿದು, ಒಳಗೊಂದು ದೊಡ್ಡ ಬಲ್ಬು ತೂಗುಹಾಕಿರುತ್ತಾರೆ. ಆದರೆ ಬೆಂಗಳೂರಿನ ಚಳಿ ಬಾತುಕೋಳಿಯ ಪಾಲಿಗೆ ಚಳಿಯೇ ಅಲ್ಲ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಲ್ಲಿ ಸಾಮಾನ್ಯವಾಗಿ 15–16 ಡಿಗ್ರಿ ಸೆಲ್ಸಿಯಸ್ ಇರುತ್ತದೆ; ಈ ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಮೈ ಒಣಗಿದ್ದು ಹೊಟ್ಟೆ ತುಂಬಿದ್ದರೆ ಬೆಳೆದ ಬಾತು ಅಷ್ಟನ್ನೂ ಸುಲಭವಾಗಿ ತಡೆದುಕೊಳ್ಳುತ್ತದೆ.

ಇಲ್ಲಿ ಮೊಟ್ಟೆ ನಿಲ್ಲುವುದಕ್ಕೆ ಮುಖ್ಯ ಕಾರಣಗಳು ಕುಗ್ಗುತ್ತಿರುವ ಹಗಲು, ಹಿಂಗಾರು ಮಳೆ ಗೂಡಿನೊಳಗೆ ತರುವ ತೇವ, ಮತ್ತು ಆ ತೇವದಿಂದ ಬೂಷ್ಟು ಹಿಡಿದ ಆಹಾರ. ಈ ಮೂರನ್ನೂ ಸರಿಪಡಿಸಬಹುದು, ಆದರೆ ಕ್ರಮ ತಪ್ಪಬಾರದು. ಹೆಚ್ಚಿನವರು ಸೋಲುವುದು ದೀಪವನ್ನು ಮೊದಲು ಹಾಕಿ ಉಳಿದದ್ದನ್ನು ಆಮೇಲೆ ನೋಡಿಕೊಳ್ಳುವುದರಿಂದ. ಗರಿ ಉದುರುತ್ತಿರುವ, ಆಹಾರ ಸಾಲದ ಬಾತಿಗೆ ದೀಪ ಹಾಕಿದರೆ ಅದರ ದೇಹ ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿ ಮೊಟ್ಟೆ ಮಾಡಲು ಹೊರಡುತ್ತದೆ. ಆದ್ದರಿಂದ ದೀಪ ಕೊನೆಗೆ ಬರಬೇಕು.

ಮೊದಲೇ ತಂದಿಟ್ಟುಕೊಳ್ಳಬೇಕಾದ ಸಾಮಾನು

ಐದು ವ್ಯಾಟಿನ ಹಳದಿ ಬೆಳಕಿನ ಎಲ್‌ಇಡಿ ಬಲ್ಬು, ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿಜಾಲರಿ), ಎರಡು ಮೂಟೆ ಭತ್ತದ ಹೊಟ್ಟು, ಆರು ಇಂಚು ಆಳದ ಪ್ಲಾಸ್ಟಿಕ್ ಬೇಸಿನ್, ಆಹಾರ ತುಂಬಿಡಲು ಬಿಗಿ ಮುಚ್ಚಳದ ಡ್ರಮ್, ಸುಣ್ಣದಂಶಕ್ಕಾಗಿ ಕಪ್ಪೆಚಿಪ್ಪಿನ ಪುಡಿ, ಅಡುಗೆಮನೆಯ ತಕ್ಕಡಿ ಮತ್ತು ಗೋಡೆಗೆ ಹಾಕುವ ಕ್ಯಾಲೆಂಡರ್ ಬೇಕು. ಶಾಖ ಕೊಡುವ ದೊಡ್ಡ ಬಲ್ಬಾಗಲಿ ಹೀಟರ್ ಆಗಲಿ ಬೇಡ; ಒಣ ಹೊಟ್ಟಿನ ಪಕ್ಕದಲ್ಲಿ ಅವು ಬೆಂಕಿಗೆ ದಾರಿಯೇ ಹೊರತು ಮೊಟ್ಟೆಗಲ್ಲ.

ಹಂತ 1: ಯಾವ ಬಾತಿನಿಂದ ಮೊಟ್ಟೆ ನಿರೀಕ್ಷಿಸಬಹುದು ಎಂದು ವಿಂಗಡಿಸುವುದು (ಸೆಪ್ಟೆಂಬರ್)

ಖಾಕಿ ಕ್ಯಾಂಪ್‌ಬೆಲ್ ಮತ್ತು ಇಂಡಿಯನ್ ರನ್ನರ್ ತಳಿಗಳು ಮೊಟ್ಟೆಗೆಂದೇ ಹೆಸರಾದವು. ಚೆನ್ನಾಗಿ ಸಾಕಿದ ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡಬಲ್ಲದು. ಬಿಳಿಯ ಪೆಕಿನ್ ಮಾಂಸದ ತಳಿ, ಮಸ್ಕವಿ ಪದೇಪದೇ ಕಾವಿಗೆ ಕೂರುವ ಹಕ್ಕಿ; ಇವುಗಳಿಂದ ಚಳಿಗಾಲವಿಡೀ ಮೊಟ್ಟೆ ಬಯಸುವುದು ಸರಿಯಲ್ಲ. ಹೊಸದಾಗಿ ಮರಿ ತರುವವರು ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ ನೋಡುವುದು ಒಳ್ಳೆಯದು. ಮೇ, ಜೂನ್ ತಿಂಗಳಲ್ಲಿ ಹುಟ್ಟಿದ ಮರಿಗಳು ಐದಾರು ತಿಂಗಳಿಗೆ, ಅಂದರೆ ಸರಿಯಾಗಿ ಚಳಿಗಾಲದ ಬಾಗಿಲಲ್ಲಿ, ಮೊಟ್ಟೆಗೆ ಬರುತ್ತವೆ. ಮೊದಲ ಚಳಿಗಾಲದ ಬಾತು ಗರಿ ಉದುರಿಸುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲವಾದ್ದರಿಂದ, ಹಿಂಡಿನಲ್ಲಿ ಅಂಥ ಎರಡು ಮೂರು ಇದ್ದರೆ ಅರ್ಧ ಕಷ್ಟ ಕಡಿಮೆಯಾದಂತೆ.

ಹಳೆಯ ಬಾತುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬೇಕು. ಕಾಲು ಹಿಡಿದು ಎತ್ತಬಾರದು, ಏಕೆಂದರೆ ಬಾತಿನ ಕಾಲು ಕೋಳಿಯ ಕಾಲಿಗಿಂತ ಬಹಳ ನಾಜೂಕು. ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯಡಿ ತೂರಿಸಿ, ಅದರ ತಲೆ ನಿಮ್ಮ ಬೆನ್ನ ಕಡೆಗೆ ಬರುವಂತೆ ಕಂಕುಳಲ್ಲಿ ಇರಿಸಿಕೊಳ್ಳಿ. ಗುದದ್ವಾರದ ಎರಡೂ ಪಕ್ಕದಲ್ಲಿ ಚೂಪಾದ ಮೂಳೆಯ ತುದಿಗಳು ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿದರೆ, ಹೊಟ್ಟೆ ಮೆತ್ತಗೆ ತುಂಬಿಕೊಂಡಿದ್ದರೆ, ಅದು ಮೊಟ್ಟೆ ಇಡುತ್ತಿರುವ ಬಾತು. ಒಂದೇ ಬೆರಳು ಹಿಡಿದರೆ ಸದ್ಯಕ್ಕೆ ನಿಲ್ಲಿಸಿದೆ ಎಂದರ್ಥ. ಆಮೇಲೆ ರೆಕ್ಕೆ ಬಿಡಿಸಿ ನೋಡಿ. ದೊಡ್ಡ ಗರಿಗಳು ಬಿದ್ದ ಜಾಗದಲ್ಲಿ ನೀಲಿ ಛಾಯೆಯ, ಕೊಳವೆಯಂಥ ಮೊಳಕೆ ಗರಿಗಳು ಕಂಡರೆ ಬಾತು ಗರಿ ಬದಲಿಸುತ್ತಿದೆ. ಆ ಮೊಳಕೆಗಳಲ್ಲಿ ರಕ್ತ ಹರಿಯುತ್ತಿರುತ್ತದೆ, ಒತ್ತಬೇಡಿ. ಈ ಸ್ಥಿತಿಯ ಬಾತಿಗೆ ಆರೆಂಟು ವಾರ ಒಳ್ಳೆಯ ಆಹಾರ ಕೊಟ್ಟು ಬಿಟ್ಟುಬಿಡಬೇಕು. ಔಷಧಿಯಿಂದಾಗಲಿ ದೀಪದಿಂದಾಗಲಿ ಅವಸರ ಮಾಡಿದರೆ ಗರಿಯೂ ಸರಿಯಾಗಿ ಬರುವುದಿಲ್ಲ, ಮೊಟ್ಟೆಯೂ ಬರುವುದಿಲ್ಲ.

ಗಂಡುಗಳ ಲೆಕ್ಕವನ್ನೂ ಇದೇ ದಿನ ನೋಡಿಕೊಳ್ಳಿ. ಬಾಲದ ಮೇಲೆ ಸುರುಳಿ ಗರಿ ಇದ್ದು ಒಡಕು ದನಿಯಲ್ಲಿ ಕೂಗುವುದು ಗಂಡು, ಗಟ್ಟಿಯಾಗಿ ಕ್ವಾಕ್ ಎನ್ನುವುದು ಹೆಣ್ಣು. ಆರು ಹೆಣ್ಣಿಗೆ ಒಂದು ಗಂಡು ಸಾಕು. ತಿನ್ನುವ ಮೊಟ್ಟೆ ಮಾತ್ರ ಬೇಕೆನ್ನುವವರಿಗೆ ಗಂಡೇ ಬೇಕಿಲ್ಲ. ಮೂರು ಹೆಣ್ಣಿಗೆ ಎರಡು ಗಂಡು ಇರುವ ಹಿತ್ತಲಲ್ಲಿ ಹೆಣ್ಣುಗಳ ಕತ್ತಿನ ಹಿಂಭಾಗ ಬೋಳಾಗಿರುತ್ತದೆ, ಅವು ದಿನವಿಡೀ ಓಡುತ್ತಲೇ ಇರುತ್ತವೆ, ಮೊಟ್ಟೆ ಕಡಿಮೆಯಾಗುತ್ತದೆ.

ಹಂತ 2: ಹಿಂಗಾರಿಗೆ ಮುನ್ನ ಗೂಡನ್ನು ಒಣಗಿಸುವುದು

ರಾತ್ರಿಯ ಗೂಡಿನಲ್ಲಿ ಒಂದು ಬಾತಿಗೆ ಕನಿಷ್ಠ ಮೂರು ಚದರಡಿ, ಹಗಲು ಓಡಾಡಲು ಹತ್ತರಿಂದ ಹದಿನೈದು ಚದರಡಿ ಜಾಗ ಬೇಕು. ಮೂವತ್ತು–ನಲವತ್ತರ ಸೈಟಿನ ಹಿತ್ತಲಿನಲ್ಲಿ ಈ ಲೆಕ್ಕದ ಪ್ರಕಾರ ನಾಲ್ಕೈದಕ್ಕಿಂತ ಹೆಚ್ಚು ಬಾತು ಸಾಕುವುದು ಬಾತಿಗೂ ನೆರೆಯವರಿಗೂ ಕಷ್ಟ.

ನೆಲದ ಮೇಲೆ ಮೂರು ನಾಲ್ಕು ಇಂಚು ದಪ್ಪಕ್ಕೆ ಭತ್ತದ ಹೊಟ್ಟು ಹರಡಿ, ಪ್ರತಿದಿನ ಒದ್ದೆಯಾದ ಭಾಗವನ್ನಷ್ಟೇ ತೆಗೆದು ಒಣ ಹೊಟ್ಟು ಸೇರಿಸಿ. ಪರೀಕ್ಷೆ ಸರಳವಾಗಿದೆ. ಬೆಳಿಗ್ಗೆ ಬಾಗಿಲು ತೆರೆದು, ಬಗ್ಗಿ, ಬಾತಿನ ತಲೆಯ ಎತ್ತರದಲ್ಲಿ ಒಂದು ಉಸಿರು ಎಳೆದುಕೊಳ್ಳಿ. ಮೂಗು ಚುರುಗುಟ್ಟಿದರೆ ಒಳಗೆ ಅಮೋನಿಯ ತುಂಬಿದೆ. ಟಾರ್ಪಾಲು ಬಿಗಿದ ಗೂಡುಗಳಲ್ಲೆಲ್ಲ ಇದೇ ಆಗುತ್ತದೆ: ಬಾತಿನ ಉಸಿರಿನಲ್ಲಿ, ಹಿಕ್ಕೆಯಲ್ಲಿ ಇರುವ ನೀರಿನಂಶ ಹೊರಹೋಗಲಾರದೆ ಚಾವಣಿಯಿಂದ ಹನಿಯಾಗಿ ಹೊಟ್ಟಿನ ಮೇಲೆಯೇ ಬೀಳುತ್ತದೆ. ಮಳೆ ಎರಚುವ ದಿಕ್ಕಿಗೆ ಮಾತ್ರ ಗೋಣಿತಾಟು ಇಳಿಬಿಟ್ಟು, ಸೂರಿನ ಕೆಳಗೆ ಒಂದು ಗೇಣಿನಷ್ಟು ಜಾಗವನ್ನು ಜಾಲರಿ ಹಾಕಿ ಬಯಲಾಗಿಯೇ ಬಿಡಬೇಕು.

ಹೆಗ್ಗಣ, ಮುಂಗುಸಿ, ಬೀದಿನಾಯಿ ಮೂರೂ ಬೆಂಗಳೂರಿನ ಹಿತ್ತಲಿಗೆ ಹೊಸಬರಲ್ಲ. ತೆಳು ಕೋಳಿಜಾಲರಿಯನ್ನು ನಾಯಿ ಹಲ್ಲಿನಿಂದಲೇ ಹರಿಯುತ್ತದೆ. ವೆಲ್ಡ್ ಮೆಶ್ ಹಾಕಿ, ಅದನ್ನು ಮಣ್ಣಿನೊಳಗೆ ಒಂದಡಿ ಇಳಿಸಿ. ರಾತ್ರಿ ಹೆಗ್ಗಣ ಸುತ್ತಾಡಿದರೂ ಸಾಕು, ಬಾತು ನಿದ್ದೆಗೆಟ್ಟು ಮೊಟ್ಟೆ ನಿಲ್ಲಿಸಬಹುದು. ಪಟಾಕಿಯ ಭಯವೂ ಅಷ್ಟೇ. ದೀಪಾವಳಿಯ ಮೂರು ರಾತ್ರಿ ಮತ್ತು ಡಿಸೆಂಬರ್ 31ರ ರಾತ್ರಿ ಬಾತುಗಳನ್ನು ಬೇಗ ಒಳಗೆ ಸೇರಿಸಿ, ಗೋಣಿತಾಟು ಇಳಿಬಿಟ್ಟು, ಒಂದು ಜೀರೋ ಬಲ್ಬು ಉರಿಯಲು ಬಿಡಿ. ಪೂರ್ಣ ಕತ್ತಲಲ್ಲಿ ಬೆದರಿದ ಬಾತುಗಳು ಒಂದರ ಮೇಲೊಂದು ಬಿದ್ದು ಕಾಲು ಮುರಿದುಕೊಳ್ಳುತ್ತವೆ.

ಮೂರು ಹೆಣ್ಣಿಗೆ ಒಂದರಂತೆ, ಒಂದಡಿ ಅಗಲ, ಒಂದಡಿ ಎತ್ತರ, ಒಂದೂವರೆ ಅಡಿ ಉದ್ದದ ಪೆಟ್ಟಿಗೆಯನ್ನು ನೆಲಮಟ್ಟದಲ್ಲಿ, ಗೂಡಿನ ಮಬ್ಬು ಮೂಲೆಯಲ್ಲಿ ಇಡಿ. ಕೋಳಿಯಂತೆ ಬಾತು ಅಟ್ಟ ಹತ್ತುವುದಿಲ್ಲ.

ಹಂತ 3: ನೀರು

ಮೊಟ್ಟೆ ಇಡಲು ಈಜುಕೊಳ ಬೇಕಿಲ್ಲ. ಆದರೆ ಕೊಕ್ಕಿನಿಂದ ಕಣ್ಣಿನವರೆಗೆ ತಲೆ ಮುಳುಗುವಷ್ಟು ಆಳದ ನೀರು ಬೇಕೇಬೇಕು. ಮೂಗಿನ ಹೊಳ್ಳೆಯನ್ನೂ ಕಣ್ಣನ್ನೂ ಬಾತು ತೊಳೆದುಕೊಳ್ಳುವುದು ಹಾಗೆಯೇ. ಕೋಳಿಗೆ ಇಡುವ ತಟ್ಟೆಯಂಥ ಡ್ರಿಂಕರ್ ಇಟ್ಟವರ ಬಾತುಗಳ ಕಣ್ಣಂಚಿನಲ್ಲಿ ಒಣಗಿದ ಪಿಸುರು ಕಾಣುತ್ತದೆ. ಬೇಸಿನ್ನನ್ನು ನೇರವಾಗಿ ನೆಲದ ಮೇಲಿಡದೆ, ಜಲ್ಲಿ ತುಂಬಿದ ಟ್ರೇ ಮೇಲೆ ಜಾಲರಿ ಹಾಸಿ ಅದರ ಮೇಲಿಟ್ಟರೆ ಚೆಲ್ಲಿದ ನೀರು ಕೆಳಗಿಳಿಯುತ್ತದೆ, ಹೊಟ್ಟು ನೆನೆಯುವುದಿಲ್ಲ. ದಿನಕ್ಕೆ ಎರಡು ಬಾರಿ ನೀರು ಬದಲಿಸಿ. ಹಳೆಯ ನೀರನ್ನು ಬಾಳೆಗೂ ಕರಿಬೇವಿಗೂ ಹಾಕಿ; ಕಾವೇರಿ ನೀರನ್ನು ಅಳೆದು ಬಳಸಬೇಕಾದ ಊರಿನಲ್ಲಿ ಅದನ್ನು ಚರಂಡಿಗೆ ಬಿಡುವುದು ತಪ್ಪು.

ಹಂತ 4: ಆಹಾರ

ಮೊಟ್ಟೆ ಇಡುವ ಬಾತಿಗೆ 16ರಿಂದ 18 ಶೇಕಡ ಪ್ರೋಟೀನ್, 3 ಶೇಕಡದ ಆಸುಪಾಸು ಕ್ಯಾಲ್ಸಿಯಂ ಇರುವ ಆಹಾರ ಬೇಕು. ಅಂಗಡಿಯಲ್ಲಿ ಸಿಗುವ ಲೇಯರ್ ಮ್ಯಾಶ್, ಅಂದರೆ ಮೊಟ್ಟೆಕೋಳಿಯ ಹಿಟ್ಟಿನ ಆಹಾರ, ಈ ಅಳತೆಗೆ ಹೊಂದುತ್ತದೆ. ಮೂಟೆಯ ಮೇಲಿನ ಚೀಟಿಯನ್ನು ಓದಿಯೇ ಕೊಳ್ಳಿ. ಸಣ್ಣ ತಳಿಯ ಒಂದು ಬಾತಿಗೆ ದಿನಕ್ಕೆ ಒಣ ತೂಕದಲ್ಲಿ 120ರಿಂದ 150 ಗ್ರಾಂ ಎಂದು ತಕ್ಕಡಿಯಲ್ಲಿ ತೂಗಿ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡಬೇಕು. ಒಣ ಹಿಟ್ಟು ಬಾತಿನ ಕೊಕ್ಕಿಗೆ ಅಂಟಿಕೊಂಡು ಗಂಟಲಿಗೂ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ನೀರು ಬೆರೆಸಬೇಕು. ಹದ ಹೀಗಿರಲಿ: ಅಂಬಲಿಯಂತೆ ಹರಿಯಬಾರದು, ಮುದ್ದೆಯಂತೆ ಗಟ್ಟಿಯಾಗಬಾರದು, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ, ಬೆರಳಿಂದ ತಟ್ಟಿದರೆ ಉದುರಬೇಕು. ಕಲಸಿದ ಆಹಾರ ಎರಡು ಗಂಟೆಯಲ್ಲಿ ಖಾಲಿಯಾಗದಿದ್ದರೆ ತೆಗೆದು ಬಿಸಾಡಿ, ಮರುದಿನ ಅಷ್ಟು ಕಡಿಮೆ ಕಲಸಿ.

ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿ ಸದಾ ಇಟ್ಟಿರಿ. ಬೇಕಾದ ಬಾತು ಬೇಕಾದಷ್ಟನ್ನು ಸಂಜೆ ಹೊತ್ತು ತಾನೇ ತಿನ್ನುತ್ತದೆ. ಆಹಾರಕ್ಕೇ ಹೆಚ್ಚುವರಿ ಸುಣ್ಣ ಬೆರೆಸಿದರೆ ಗಂಡುಗಳೂ ಗರಿ ಬದಲಿಸುತ್ತಿರುವ ಹೆಣ್ಣುಗಳೂ ಅದನ್ನು ತಿನ್ನಬೇಕಾಗುತ್ತದೆ, ಅವುಗಳ ಮೂತ್ರಪಿಂಡಕ್ಕೆ ಅದು ಹೊರೆ.

ಅನ್ನ, ಇಡ್ಲಿ, ಬ್ರೆಡ್ ಹೊಟ್ಟೆ ತುಂಬಿಸುತ್ತವೆಯೇ ಹೊರತು ಮೊಟ್ಟೆಗೆ ಬೇಕಾದ ಪ್ರೋಟೀನ್ ಕೊಡುವುದಿಲ್ಲ. ಅವು ದಿನದ ಆಹಾರದ ಹತ್ತನೆಯ ಒಂದು ಭಾಗ ಮೀರಬಾರದು. ಉಪ್ಪಿನಕಾಯಿ, ಸಾರು, ಖಾರದ ಕುರುಕಲು ತಿಂಡಿ ಬೇಡವೇ ಬೇಡ, ಉಪ್ಪು ಬಾತಿಗೆ ಬೇಗ ಏರುತ್ತದೆ. ಬೆಂಗಳೂರಿನ ಎಷ್ಟೋ ಹಿತ್ತಲುಗಳಲ್ಲಿ ಬೆಣ್ಣೆಹಣ್ಣಿನ ಮರವಿದೆ. ಅದರ ಹಣ್ಣು, ಎಲೆ, ಬೀಜ ಎಲ್ಲವೂ ಹಕ್ಕಿಗಳಿಗೆ ವಿಷವಾದ್ದರಿಂದ ಬಿದ್ದದ್ದನ್ನು ಆಗಾಗ ಆರಿಸಿ ತೆಗೆಯಬೇಕು. ಸೊಪ್ಪು, ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ), ಎರೆಹುಳು ಒಳ್ಳೆಯ ಸೇರಿಕೆಗಳು.

ಇಲ್ಲಿ ಬೂಷ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಚಳಿಗಾಲದಲ್ಲಿ ಸಾಯುವ ಎಷ್ಟೋ ಬಾತುಗಳನ್ನು ಕೊಂದಿರುವುದು ಚಳಿಯಲ್ಲ, ಇದು. ಜೋಳಕ್ಕೂ ಕಡಲೆಕಾಯಿ ಹಿಂಡಿಗೂ ತೇವ ತಗುಲಿದಾಗ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಅದು ಯಕೃತ್ತನ್ನು ಹಾಳುಮಾಡುತ್ತದೆ. ಕೋಳಿ ತಡೆದುಕೊಳ್ಳುವ ಪ್ರಮಾಣವೇ ಬಾತನ್ನು ಕೊಲ್ಲಬಲ್ಲದು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಆಸುಪಾಸಿನಲ್ಲಿ ಇಲ್ಲಿ ತುಂತುರು ಮಳೆ, ಮೋಡ, ಮಂಜು ಒಟ್ಟಿಗೆ ಇರುತ್ತವೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಹವೆ ಇಲ್ಲ. ಒಂದು ನವೆಂಬರಿನಲ್ಲಿ ನಾನು ಅಗ್ಗಕ್ಕೆ ಸಿಕ್ಕಿತೆಂದು ಇಡೀ ಮೂಟೆ ಹಿಂಡಿ ತಂದು ಗೋಡೆಗೆ ಒರಗಿಸಿ ಇಟ್ಟಿದ್ದೆ. ಮೂಟೆಯ ಮೇಲ್ಭಾಗ ಚೆನ್ನಾಗಿಯೇ ಇತ್ತು. ಗೋಡೆಗೆ ತಾಗಿದ ಮಗ್ಗುಲಲ್ಲಿ ಹಿಂಡಿ ಗಟ್ಟಿಯಾಗಿ, ಒಡೆದರೆ ಒಳಗೆ ಹಸಿರು ಪುಡಿ ಹಾರುತ್ತಿತ್ತು. ಅದನ್ನು ಕಾಣುವಷ್ಟರಲ್ಲಿ ಎರಡು ಬಾತುಗಳು ಮೇವು ಬಿಟ್ಟು, ಕುಂಟುತ್ತಾ, ಮೂರನೆಯ ದಿನ ಸತ್ತಿದ್ದವು. ಆ ಎರಡೂ ನನ್ನ ಕೈಯಲ್ಲೇ ಮರಿಯಿಂದ ಬೆಳೆದವು.

ಆದ್ದರಿಂದ ಮೂರು ವಾರಕ್ಕೆ ಸಾಕಾಗುವಷ್ಟೇ ಆಹಾರ ಕೊಳ್ಳಿ. ಡ್ರಮ್ಮಿನಲ್ಲಿ ತುಂಬಿ, ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಹೊಸದನ್ನು ಹಳೆಯದರ ಮೇಲೆ ಸುರಿಯಬೇಡಿ. ಮುಗ್ಗಲು ವಾಸನೆ, ಹೆಂಟೆ, ಬಣ್ಣಬಣ್ಣದ ಪುಡಿ ಯಾವುದೊಂದು ಕಂಡರೂ ಇಡೀ ಡ್ರಮ್ಮನ್ನು ಬಿಸಾಡಿ. ಬಿಸಿಲಿಗೆ ಹರವಿ ಕೊಡಬಹುದು ಎನ್ನುವ ಮಾತನ್ನು ನಂಬಬೇಡಿ, ಕುದಿಸಿದರೂ ಈ ವಿಷ ಹೋಗುವುದಿಲ್ಲ.

ಹಂತ 5: ಬೆಳಕು (ಅಕ್ಟೋಬರ್ ಮೊದಲ ವಾರದಿಂದ)

ಮೇಲಿನ ನಾಲ್ಕೂ ಸರಿಯಾಗಿ ಎರಡು ವಾರ ಕಳೆದ ಮೇಲೆ ಮಾತ್ರ ಇದಕ್ಕೆ ಕೈಹಾಕಿ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು 12 ಗಂಟೆ 50 ನಿಮಿಷದಷ್ಟಿದ್ದರೆ, ಡಿಸೆಂಬರ್ ಕೊನೆಯ ಹಗಲು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಬೆಳಕು ತಲೆಬುರುಡೆಯನ್ನು ಹಾದು ಮೆದುಳಿಗೆ ತಲುಪಿದಾಗ ಮೊಟ್ಟೆಯ ಹಾರ್ಮೋನುಗಳು ಸ್ರವಿಸುತ್ತವೆ. ಹಗಲು ದಿನೇದಿನೇ ಕುಗ್ಗುತ್ತಿದೆ ಎಂದು ತಿಳಿದ ದೇಹ ಗರಿ ಬದಲಿಸುವ ಕಡೆಗೆ ತಿರುಗುತ್ತದೆ. ಒಟ್ಟು ಬೆಳಕು 14 ಗಂಟೆಯಾಗುವಂತೆ ನೋಡಿಕೊಂಡರೆ ಸಾಕು.

ಹೆಚ್ಚುವರಿ ಬೆಳಕನ್ನು ಬೆಳಗಿನ ಕಡೆಗೆ ಸೇರಿಸಬೇಕು, ಸಂಜೆಗಲ್ಲ. ಸಂಜೆ ದೀಪ ಉರಿಯುತ್ತಿದ್ದು ಥಟ್ಟನೆ ಆರಿದರೆ ಬಾತುಗಳು ನಿಂತಲ್ಲೇ ಗಾಬರಿಗೊಳ್ಳುತ್ತವೆ. ನಸುಕಿನಲ್ಲಿ ಹೊತ್ತಿದ ದೀಪ ಸೂರ್ಯೋದಯದಲ್ಲಿ ಕರಗುತ್ತದೆ, ಸಂಜೆ ತಾನಾಗಿ ಮಬ್ಬಾಗುತ್ತದೆ.

ಮೊದಲ ವಾರ ಬೆಳಿಗ್ಗೆ 5:40ಕ್ಕೆ ದೀಪ ಹೊತ್ತುವಂತೆ ಟೈಮರ್ ಇಡಿ. ಎರಡನೆಯ ವಾರ 5:10, ಮೂರನೆಯ ವಾರ 4:40, ನಾಲ್ಕನೆಯ ವಾರ 4:20, ಐದನೆಯ ವಾರದಿಂದ 4:00. ಬೆಳಿಗ್ಗೆ 7 ಗಂಟೆಗೆ ಆರಲಿ. ನವೆಂಬರ್, ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ ಮುಳುಗುವುದರಿಂದ 14 ಗಂಟೆಯ ಲೆಕ್ಕ ಕೂಡಿಬರುತ್ತದೆ. ಒಂದೇ ದಿನದಲ್ಲಿ ಎರಡು ಗಂಟೆ ಏರಿಸಬೇಡಿ. ಎಳೆಯ ಬಾತುಗಳಲ್ಲಿ ಅದು ಚರ್ಮದಂಥ ಸಿಪ್ಪೆಯ ಮೊಟ್ಟೆಗೂ, ಮೊಟ್ಟೆ ಸಿಕ್ಕಿಕೊಳ್ಳುವುದಕ್ಕೂ ಕಾರಣವಾಗಬಹುದು. ಐದು ತಿಂಗಳಾಗದ ಮರಿಗಳಿಗೆ ದೀಪ ಬೇಡ.

ಆರಡಿ–ನಾಲ್ಕಡಿಯ ಗೂಡಿಗೆ ಐದು ವ್ಯಾಟಿನ ಒಂದು ಬಲ್ಬು ಸಾಕು. ಬಾತಿನ ತಲೆಯ ಎತ್ತರದಲ್ಲಿ ಕ್ಯಾಲೆಂಡರ್ ಹಿಡಿದು, ತಿಥಿ, ನಕ್ಷತ್ರದ ಸಣ್ಣಕ್ಷರಗಳನ್ನು ಓದಲು ಆದರೆ ಬೆಳಕು ಬೇಕಾದಷ್ಟಿದೆ. ವಯರು ಕೊಕ್ಕಿಗೆ ಎಟುಕದಂತೆ ಪೈಪಿನೊಳಗೆ ಹೋಗಲಿ, ಹೋಲ್ಡರಿಗೆ ನೀರು ಸಿಡಿಯದಿರಲಿ, ಆ ಲೈನಿಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು) ಇರಲಿ.

ಟೈಮರ್ ವಿಷಯದಲ್ಲಿ ಹಲವರು ಎಡವುತ್ತಾರೆ. ಹಲ್ಲುಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟು ಹೋದಷ್ಟು ಹೊತ್ತು ನಿಂತುಬಿಡುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟು ಹೋದರೂ ವಾರದ ಕೊನೆಗೆ ನಾಲ್ಕರ ದೀಪ ಏಳೂವರೆಗೆ ಹೊತ್ತುತ್ತದೆ, ಮಾಲೀಕರಿಗೆ ತಿಳಿಯುವುದೇ ಇಲ್ಲ. ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಹಾಕಿ, ಇನ್ವರ್ಟರ್ ಇದ್ದರೆ ಅದರ ಲೈನಿನಿಂದ ಸಂಪರ್ಕ ಕೊಡಿ.

ನಾಲ್ಕಕ್ಕೆ ಎದ್ದ ಬಾತು ಹಸಿದು ಕೂಗುತ್ತದೆ. ಪಕ್ಕದ ಮನೆಯ ಮಲಗುವ ಕೋಣೆ ಹತ್ತಡಿ ದೂರದಲ್ಲಿದ್ದರೆ ನೆರೆಯವರ ಸಿಟ್ಟು ನ್ಯಾಯವಾದದ್ದೇ. ರಾತ್ರಿಯೇ ಗೂಡಿನೊಳಗೆ ಬೇಸಿನ್ನಿನಲ್ಲಿ ನೀರು, ಜೊತೆಗೆ ಬೆಳಗಿನ ಪಾಲಿನಲ್ಲಿ ಸ್ವಲ್ಪವನ್ನು ಹರಳು ರೂಪದ ಒಣ ಆಹಾರವಾಗಿ ಇಟ್ಟರೆ ಗದ್ದಲ ಬಹುಪಾಲು ಕಡಿಮೆಯಾಗುತ್ತದೆ. ನೀರಿಲ್ಲದೆ ಒಣ ಆಹಾರ ಮಾತ್ರ ಎಂದೂ ಇಡಬೇಡಿ.

ಹಂತ 6: ಬೆಳಗಿನ ಕ್ರಮ ಮತ್ತು ಲೆಕ್ಕ

ಬಾತುಗಳು ಹೆಚ್ಚುಕಡಿಮೆ ಎಲ್ಲ ಮೊಟ್ಟೆಗಳನ್ನೂ ಬೆಳಿಗ್ಗೆ ಒಂಬತ್ತರೊಳಗೆ ಇಟ್ಟು ಮುಗಿಸುತ್ತವೆ. ಆರಕ್ಕೇ ಹೊರಬಿಟ್ಟರೆ ಅವು ಕಳೆಗಿಡದ ಬುಡದಲ್ಲಿ, ಕೆಸುವಿನ ಮರೆಯಲ್ಲಿ ಇಟ್ಟು ಬರುತ್ತವೆ, ಕಾಗೆಗಳು ಎತ್ತಿಕೊಂಡು ಹೋಗುತ್ತವೆ. ಬಾತು ಮೊಟ್ಟೆ ನಿಲ್ಲಿಸಿದೆ ಎಂದು ಬಂದ ದೂರುಗಳಲ್ಲಿ ಕೆಲವು ಹೀಗೆ ಹಿತ್ತಲಿನ ಮೂಲೆಯಲ್ಲೇ ಬಗೆಹರಿದಿವೆ. ಒಂಬತ್ತಕ್ಕೆ ಬಾಗಿಲು ತೆರೆಯಿರಿ, ಮೊಟ್ಟೆ ಎಣಿಸಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಸಂಖ್ಯೆ ಬರೆಯಿರಿ. ಆಹಾರ ಬದಲಿಸಿದ ದಿನ, ಕರೆಂಟು ಹೋದ ದಿನ, ಪಟಾಕಿ ಹೊಡೆದ ದಿನಗಳನ್ನೂ ಅಲ್ಲೇ ಗುರುತಿಸಿ. ಏನು ಕೆಟ್ಟಿತು ಎಂದು ಹುಡುಕುವಾಗ ಈ ಚೌಕಗಳು ನೆನಪಿಗಿಂತ ನಿಖರವಾಗಿರುತ್ತವೆ.

ಎಚ್ಚರಿಕೆಯ ಚಿಹ್ನೆಗಳು

ಮೊಟ್ಟೆ ವಾರಗಟ್ಟಲೆ ನಿಧಾನವಾಗಿ ಇಳಿದರೆ ಬೆಳಕನ್ನೂ ಗರಿಯನ್ನೂ ನೋಡಿ. ಎಲ್ಲ ಬಾತುಗಳೂ ಎರಡು ಮೂರು ದಿನದಲ್ಲಿ ಒಟ್ಟಿಗೆ ನಿಲ್ಲಿಸಿದರೆ ಭಯ, ನೀರಿನ ಕೊರತೆ, ಆಹಾರದ ಬದಲಾವಣೆ ಅಥವಾ ರೋಗ ಕಾರಣವಾಗಿರುತ್ತದೆ. ಸಿಪ್ಪೆ ತೆಳುವಾದರೆ ಚಿಪ್ಪಿನ ಪುಡಿಯ ಬಟ್ಟಲು ಖಾಲಿಯಾಗಿದೆಯೇ ನೋಡಿ.

ಒಂದೇ ಬಾತು ಬಾಲ ಇಳಿಬಿಟ್ಟು, ನೆಟ್ಟಗೆ ನಿಂತು, ಮತ್ತೆ ಮತ್ತೆ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಅರ್ಧ ಗಂಟೆ ಕೂರಿಸಿ, ಕತ್ತಲು ಮೂಲೆಯಲ್ಲಿ ಬಿಡಿ. ಕೆಲವು ಗಂಟೆಗಳಲ್ಲಿ ಮೊಟ್ಟೆ ಬರದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಿರಿ, ಕೈಹಾಕಿ ಎಳೆಯಬೇಡಿ. ಕತ್ತು ಜೋಲುಬಿದ್ದು ಎತ್ತಲಾಗದಿದ್ದರೆ ಕೊಳೆತ ನೀರಿನ ಅಥವಾ ಸತ್ತ ಇಲಿಯ ವಿಷ ತಗುಲಿರುವ ಸಂಭವವಿದೆ. ಹಿಂಡನ್ನು ಆ ಜಾಗದಿಂದ ಕೂಡಲೇ ತೆಗೆದು ವೈದ್ಯರಿಗೆ ತೋರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಗರದಲ್ಲೇ ಇರುವುದು ನಮಗೊಂದು ಅನುಕೂಲ. ಬಾತು ಪ್ಲೇಗ್ ಮತ್ತು ಬಾತು ಕಾಲರಾ ಲಸಿಕೆಗಳ ಬಗ್ಗೆಯೂ ಚಳಿಗಾಲಕ್ಕೆ ಮುನ್ನವೇ ವೈದ್ಯರನ್ನು ಕೇಳಿಕೊಳ್ಳಿ.

ಎರಡು ಮೂರು ಬಾತುಗಳು ಕಾರಣ ತಿಳಿಯದೆ ಒಟ್ಟಿಗೆ ಸತ್ತರೆ ಕೊಯ್ದು ನೋಡುವುದು, ಉಳಿದವನ್ನು ಮಾರುವುದು, ಸತ್ತವನ್ನು ಕಸದ ಗಾಡಿಗೆ ಹಾಕುವುದು ಯಾವುದನ್ನೂ ಮಾಡಬಾರದು. ಹಕ್ಕಿಜ್ವರದ ಸಾಧ್ಯತೆ ಇರುವುದರಿಂದ ಸಮೀಪದ ಸರ್ಕಾರಿ ಪಶು ಆಸ್ಪತ್ರೆಗೆ ಅಂದೇ ತಿಳಿಸಿ, ಮಕ್ಕಳನ್ನು ಹಿತ್ತಲಿಗೆ ಬಿಡಬೇಡಿ.

ಹಂತ 7: ದೀಪವನ್ನು ಇಳಿಸುವುದು (ಮಾರ್ಚ್ ಕೊನೆಯಿಂದ)

ಜನವರಿಯಲ್ಲಿ ಮೊಟ್ಟೆ ಚೆನ್ನಾಗಿ ಬರುತ್ತಿದೆ ಎಂದು ದೀಪ ತೆಗೆದುಬಿಟ್ಟರೆ ಒಂದೇ ದಿನದಲ್ಲಿ ಎರಡೂವರೆ ಗಂಟೆಯಷ್ಟು ಹಗಲು ಕಡಿದಂತಾಗಿ, ಇಡೀ ಹಿಂಡು ಗರಿ ಉದುರಿಸಲು ತೊಡಗುತ್ತದೆ. ಹಗಲು ಹನ್ನೆರಡು ಗಂಟೆ ದಾಟುವ ಮಾರ್ಚ್ ಕೊನೆಯವರೆಗೆ ದೀಪ ಹಾಗೆಯೇ ಇರಲಿ. ಆಮೇಲೆ ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ತಡವಾಗಿ ಹೊತ್ತಿಸುತ್ತಾ ಮೇ ಕೊನೆಯ ಹೊತ್ತಿಗೆ ನಿಲ್ಲಿಸಿ. ಆಗ ಹಳೆಯ ಬಾತುಗಳು ಮೊಟ್ಟೆ ಕಡಿಮೆ ಮಾಡಿ ಗರಿ ಬದಲಿಸುತ್ತವೆ, ಬದಲಿಸಲಿ. ಆ ವಿರಾಮ ಅವುಗಳಿಗೆ ಸಲ್ಲಬೇಕಾದದ್ದು. ಬೇಸಿಗೆಯ ಕೊನೆಗೆ ಉದುರಿದ ಗರಿ ಆಗಸ್ಟಿನೊಳಗೆ ಪೂರ್ತಿ ಬಂದಿರುತ್ತದೆ, ಸೆಪ್ಟೆಂಬರಿನಲ್ಲಿ ಮತ್ತೆ ಕೈಯಲ್ಲಿ ಹಿಡಿದು ನೋಡುವಾಗ ಮೂಳೆಗಳ ನಡುವೆ ಎರಡು ಬೆರಳು ಹಿಡಿಯುತ್ತವೆ.